ಹಿಮದ ಆರು ತಿಂಗಳು: ಕೇದಾರಪೀಠವು ಚಳಿಗಾಲವನ್ನು ಕಳೆದ ಬಗೆ



ಕೇದಾರಯಾತ್ರೆಗೆ ಹೊರಡುವವರು ಮೊದಲು ಮಠಕ್ಕೆ ಬಂದು ಭಸ್ಮಧಾರಣ ಮಾಡಿಕೊಂಡು ಹೋಗುವ ವಾಡಿಕೆ ನಮ್ಮ ಕಡೆ ಬಹುಕಾಲದಿಂದ ನಡೆದುಬಂದಿದೆ. ಹಾಗೆ ಬಂದ ಒಬ್ಬ ವೃದ್ಧ ತಾಯಿ ಕೆಲವು ವರ್ಷಗಳ ಹಿಂದೆ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ದೀಪಾವಳಿ ಕಳೆದೊಡನೆ ಅಲ್ಲಿ ಬಾಗಿಲು ಮುಚ್ಚುತ್ತಾರಂತೆ, ಆರು ತಿಂಗಳು ಯಾರೂ ಸುಳಿಯುವುದಿಲ್ಲವಂತೆ; "ಅಷ್ಟು ಚಳಿಯಲ್ಲಿ ಶಿವನನ್ನು ಒಬ್ಬನನ್ನೇ ಬಿಟ್ಟು ಬರುತ್ತಾರೆಯೇ ಬುದ್ಧಿ?" ಎಂಬುದು ಆ ತಾಯಿಯ ಮಾತು. ಆಗ ನಾವು ಶಾಸ್ತ್ರದ ಎರಡು ಮಾತು ಹೇಳಿ ಕಳುಹಿಸಿದೆವು. ಆದರೆ ಆ ಪ್ರಶ್ನೆಗೆ ಉತ್ತರ ಶಾಸ್ತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಇತಿಹಾಸದಲ್ಲಿದೆ ಎಂಬುದು ಅನಂತರ ನಮಗೆ ಮನವರಿಕೆಯಾಯಿತು. ಹಿಮ ಬೀಳುವ ನಾಡಿನಲ್ಲಿ ಒಂದು ಪೀಠವು ಶತಮಾನಗಳ ಕಾಲ ಹೇಗೆ ಬಾಳಿತು, ಹಿಮವೇ ಬೀಳದ ನಮ್ಮ ನಾಡಿನಿಂದ ಹೋದ ಜಂಗಮರು ಅಲ್ಲಿಯ ಚಳಿಗಾಲವನ್ನು ಹೇಗೆ ಕಳೆದರು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪಂಚಪೀಠಗಳಲ್ಲಿ ಕೇದಾರವು ವೈರಾಗ್ಯ ಸಿಂಹಾಸನವೆಂದು ಪ್ರಸಿದ್ಧವಾದುದು; ಏಕೋರಾಮಾರಾಧ್ಯರು ಅದರ ಮೂಲಾಚಾರ್ಯರೆಂಬುದು ನಮ್ಮ ಪರಂಪರೆಯ ನಂಬುಗೆ. ಉಳಿದ ನಾಲ್ಕು ಪೀಠಗಳಲ್ಲಿ ಯಾವುದೂ ಹಿಮವನ್ನು ಕಂಡುದಲ್ಲ. ಬಾಳೆಹೊನ್ನೂರಿನವರು ಮಳೆಯನ್ನು ಬಲ್ಲರು, ಉಜ್ಜಯಿನಿಯವರು ಬಿಸಿಲನ್ನು ಬಲ್ಲರು. ಕೇದಾರವೊಂದೇ ಸಮುದ್ರಮಟ್ಟದಿಂದ ಸುಮಾರು ೧೧,೭೫೦ ಅಡಿ ಎತ್ತರದಲ್ಲಿ, ಮಂದಾಕಿನಿಯ ತಲೆಯಲ್ಲಿ, ಮೂರು ಕಡೆ ಪರ್ವತಗಳ ನಡುವೆ ಕುಳಿತಿದೆ. ಹಿಂದೆ ನಿಂತ ಕೇದಾರಶಿಖರದ ಎತ್ತರ ೨೨,೭೬೯ ಅಡಿ. ಮಾರ್ಗಶಿರದಿಂದ ಫಾಲ್ಗುಣದವರೆಗೆ ಭೂಮಧ್ಯಸಮುದ್ರದ ಕಡೆಯಿಂದ ತೇವವನ್ನು ಹೊತ್ತು ಬರುವ ಪಶ್ಚಿಮದ ವಾಯುಕ್ಷೋಭೆಗಳು ಒಂದರ ಹಿಂದೊಂದು ಹಿಮಾಲಯಕ್ಕೆ ಬಡಿಯುತ್ತವೆ. ನಮ್ಮ ಮುಂಗಾರು ಮಳೆ ಹೇಗೋ ಹಾಗೆ ಅವರಿಗೆ ಅದು; ಆದರೆ ಅಲ್ಲಿ ಬಿದ್ದ ನೀರು ಹರಿದುಹೋಗದೆ ಬಿದ್ದಲ್ಲಿಯೇ ಕುಳಿತುಕೊಳ್ಳುತ್ತದೆ.

ಹಿಮವೆಂದರೆ ಹತ್ತಿಯಂತೆ ಹಗುರವಾದುದೆಂದು ಚಿತ್ರಪಟಗಳಲ್ಲಿ ನೋಡಿದವರು ಭಾವಿಸುವುದು ಸಹಜ. ಹೊಸದಾಗಿ ಬಿದ್ದುದು ಹಾಗೆಯೇ ಇರುತ್ತದೆ, ಒಂದು ಘನಮೀಟರಿಗೆ ನೂರು ಕಿಲೋಗ್ರಾಮಿನ ಆಸುಪಾಸು. ಕೆಲವು ವಾರ ಕುಳಿತು ಗಟ್ಟಿಯಾದ ಮೇಲೆ ಅದೇ ಮುನ್ನೂರಕ್ಕೆ ಏರುತ್ತದೆ. ಒಂದು ಚದರ ಮೀಟರ್ ಚಾವಣಿಯ ಮೇಲೆ ಎರಡು ಮೀಟರ್ ಹಳೆಯ ಹಿಮ ನಿಂತರೆ ಅದು ನೂರು ಕಿಲೋ ತೂಗುವ ಆರು ಜೋಳದ ಚೀಲಗಳನ್ನು ಹೊತ್ತಂತೆ. ಇಡೀ ಮನೆಯ ಮಾಳಿಗೆಯ ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಬಹುದು. ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆಯೊಂದನ್ನು ಅಲ್ಲಿ ಕಟ್ಟಿದರೆ ಅದು ಮೊದಲ ಪುಷ್ಯಮಾಸವನ್ನು ದಾಟಲಾರದು. ಇನ್ನು ಇಳಿಜಾರಿನ ಮೇಲೆ ಕೂಡಿದ ಹಿಮ ಒಮ್ಮೆಲೇ ಜಾರಿ ಬಂದರೆ, ಎದುರಿಗೆ ನಿಲ್ಲುವ ಮನೆಯಿಲ್ಲ, ಮರವಿಲ್ಲ.

ಕೇದಾರದ ದೇವಾಲಯವನ್ನು ಕಟ್ಟಿದವರು ಇದನ್ನೆಲ್ಲ ಅರಿತಿದ್ದರೆಂಬುದಕ್ಕೆ ಆ ಕಟ್ಟಡವೇ ಸಾಕ್ಷಿ. ಎತ್ತರವಾದ ಜಗುಲಿ, ಬೂದುಬಣ್ಣದ ಭಾರಿ ಕಲ್ಲುಚಪ್ಪಡಿಗಳು, ದಪ್ಪವಾದ ಗೋಡೆ, ಇಕ್ಕಟ್ಟಾದ ಬಾಗಿಲು. ನಮ್ಮ ಹೊಯ್ಸಳ ಗುಡಿಗಳಲ್ಲಿರುವಂಥ ಸೂಕ್ಷ್ಮವಾದ ಕೆತ್ತನೆ ಅಲ್ಲಿಲ್ಲವೆಂದು ಕೆಲವರು ನಿರಾಶರಾಗುವುದುಂಟು. ಸಣ್ಣ ಸಂದಿನಲ್ಲಿ ನೀರು ಇಳಿದು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿದರೆ ಕಲ್ಲು ಸೀಳುತ್ತದೆ. ಅಂಥ ಕಡೆ ಬಳಪದ ಕಲ್ಲಿನ ಮದನಿಕೆಯರು ಎಷ್ಟು ಚಳಿಗಾಲ ನಿಂತಾರು? ಶಿಖರದ ನೆತ್ತಿಯ ಮೇಲೆ ಮರದ ಚೌಕಟ್ಟಿನ ಒಂದು ಛತ್ರವುಂಟು. ಗಢವಾಲದ ಹಲವು ಹಳೆಯ ದೇವಾಲಯಗಳಲ್ಲಿ ಇದನ್ನು ಕಾಣಬಹುದು. ಅಲಂಕಾರವೆಂದು ತೋರುವ ಈ ಛತ್ರ ನಿಜವಾಗಿ ಶಿಖರಕ್ಕೆ ಹಿಡಿದ ಕೊಡೆ.

ದೇವಾಲಯದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಾಳವದ ಪರಮಾರ ಭೋಜನು ಕೇದಾರೇಶ್ವರನಿಗೆ ಆಲಯ ಕಟ್ಟಿಸಿದನೆಂದು ಉದಯಪುರ ಪ್ರಶಸ್ತಿ ಹೇಳುತ್ತದೆ. ಅವನು ೧೧ನೆಯ ಶತಮಾನದವನು. ಊಖೀಮಠದಲ್ಲಿ ಜನಮೇಜಯನ ಹೆಸರಿನ ತಾಮ್ರಶಾಸನವುಂಟೆಂದೂ ಅದರಲ್ಲಿ ಜಂಗಮರಿಗೆ ಭೂದಾನದ ಉಲ್ಲೇಖವಿದೆಯೆಂದೂ ನಮ್ಮ ಪರಂಪರೆ ಅಭಿಮಾನದಿಂದ ಹೇಳಿಕೊಳ್ಳುತ್ತದೆ. ಅದನ್ನು ಅಷ್ಟು ಪ್ರಾಚೀನವೆಂದು ಇತಿಹಾಸಜ್ಞರು ಒಪ್ಪುವುದಿಲ್ಲವೆಂಬುದನ್ನೂ ಹೇಳಬೇಕಾದುದು ನಮ್ಮ ಕರ್ತವ್ಯ. ಪೀಠದ ಗೌರವಕ್ಕೆ ಒಂದು ತಗಡಿನ ಆಸರೆ ಬೇಕಾಗಿಲ್ಲ.

ಈಗ ಬಾಗಿಲು ಮುಚ್ಚುವ ವಿಧಿಯನ್ನು ನೋಡೋಣ. ಬಲಿಪಾಡ್ಯಮಿಯ ಮರುದಿನ, ಉತ್ತರದವರು ಭಾಯಿದೂಜ್ ಎಂದೂ ನಾವು ಯಮದ್ವಿತೀಯೆಯೆಂದೂ ಕರೆಯುವ ದಿನ, ನಸುಕಿನಲ್ಲಿ ವಿಶೇಷ ಪೂಜೆ ನಡೆದು, ಸ್ವಯಂಭೂಲಿಂಗವನ್ನು ಭಸ್ಮದಿಂದಲೂ ಬಿಲ್ವದಿಂದಲೂ ಆ ಬೆಟ್ಟದಲ್ಲಿ ಬೆಳೆಯುವ ಹೂವುಗಳಿಂದಲೂ ಮುಚ್ಚುತ್ತಾರೆ. ಇದಕ್ಕೆ ಸಮಾಧಿಪೂಜೆಯೆಂದು ಹೆಸರು. ಬೂದಿಯು ಶೀತವನ್ನು ತಡೆಯುವ ವಸ್ತುವೆಂಬುದನ್ನು ಒಲೆಯ ಕೆಂಡವನ್ನು ರಾತ್ರಿ ಬೂದಿಯಲ್ಲಿ ಹೂತಿಡುವ ನಮ್ಮ ತಾಯಂದಿರು ಬಲ್ಲರು. ಅಲ್ಲಿಯೂ ಅದೇ ಭಾವ. ಬದರಿಯಲ್ಲಿ ಮಾಣಾ ಗ್ರಾಮದ ಹೆಣ್ಣುಮಕ್ಕಳು ನೇಯ್ದುಕೊಟ್ಟ ಕಂಬಳಿಯನ್ನು ತುಪ್ಪದಲ್ಲಿ ನೆನೆಸಿ ನಾರಾಯಣನಿಗೆ ಹೊದಿಸಿ ಬಾಗಿಲು ಹಾಕುತ್ತಾರೆ. ನಾರಾಯಣನಿಗೆ ಉಣ್ಣೆ, ನಮ್ಮ ಶಿವನಿಗೆ ಬೂದಿ. ಇಬ್ಬರಿಗೂ ಚಳಿಯಾಗುತ್ತದೆಂಬ ಕನಿಕರವೊಂದೇ.

ಲಿಂಗವು ಅಲ್ಲಿಯೇ ಉಳಿಯುತ್ತದೆ. ಪಂಚಮುಖಿ ಉತ್ಸವಮೂರ್ತಿಯು ಡೋಲಿಯಲ್ಲಿ ಇಳಿದು ಬರುತ್ತದೆ. ರಾಮಪುರ, ಗುಪ್ತಕಾಶಿಗಳಲ್ಲಿ ತಂಗಿ, ಮೂರನೆಯ ದಿನ ಊಖೀಮಠದ ಓಂಕಾರೇಶ್ವರ ದೇವಾಲಯವನ್ನು ಸೇರುತ್ತದೆ. ಊಖೀಮಠದ ಎತ್ತರ ಸುಮಾರು ೪,೩೦೦ ಅಡಿ ಮಾತ್ರ. ಅಲ್ಲಿಯೂ ಚಳಿಯುಂಟು, ಕೆಲವು ವರ್ಷ ಹಿಮವೂ ಬೀಳುವುದುಂಟು. ಆದರೆ ಮನುಷ್ಯರು ಬಾಳಬಲ್ಲ ಚಳಿ ಅದು. ಅಲ್ಲಿ ಆರು ತಿಂಗಳು ನಿತ್ಯಪೂಜೆ ಅಭಂಗವಾಗಿ ನಡೆಯುತ್ತದೆ. ಮಹಾಶಿವರಾತ್ರಿಯಂದು ರಾವಲರ ಸಮ್ಮುಖದಲ್ಲಿ ಪಂಚಾಂಗ ನೋಡಿ, ಮರಳಿ ಬಾಗಿಲು ತೆರೆಯುವ ದಿನವನ್ನು ನಿಶ್ಚಯಿಸುವುದೂ ಅಲ್ಲಿಯೇ. ಮೇಲೆ, ನಿರ್ಜನವಾದ ಕ್ಷೇತ್ರವನ್ನು ಕಾಯುವ ಹೊಣೆ ಭೈರವನಾಥನದೆಂಬುದು ಅಲ್ಲಿಯವರ ನಂಬುಗೆ. ಆದುದರಿಂದ ಇಳಿಯುವ ಮುನ್ನವೂ ಏರುವ ಮುನ್ನವೂ ಅವನಿಗೆ ಪೂಜೆ ಸಲ್ಲಬೇಕು.

ಇದು ಕೇದಾರಕ್ಕೆ ಮಾತ್ರ ಸೀಮಿತವಾದ ಏರ್ಪಾಡಲ್ಲ. ತುಂಗನಾಥನು ಮಕ್ಕೂಮಠಕ್ಕೆ ಇಳಿಯುತ್ತಾನೆ, ಮದಮಹೇಶ್ವರನು ಊಖೀಮಠಕ್ಕೇ ಬರುತ್ತಾನೆ, ರುದ್ರನಾಥನು ಗೋಪೇಶ್ವರಕ್ಕೆ ಹೋಗುತ್ತಾನೆ. ಗಂಗೆಯು ಮುಖಬಾ ಗ್ರಾಮಕ್ಕೂ ಯಮುನೆಯು ಖರಸಾಲಿಗೂ ತವರಿಗೆ ಹೋಗುವಂತೆ ಹೋಗುತ್ತಾರೆ. ಏಕೆಂದರೆ ಮನುಷ್ಯರೂ ಹಾಗೆಯೇ ಮಾಡುತ್ತಿದ್ದರು. ಬೇಸಗೆಯಲ್ಲಿ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಏರುವುದು, ಹಿಮ ಬೀಳುವ ಮುನ್ನ ಕೆಳಗಿನ ಕಣಿವೆಗೆ ಇಳಿಯುವುದು ಆ ಸೀಮೆಯ ಕುರಿಗಾಹಿಗಳ ಹಾಗೂ ಭೋಟಿಯಾ ಜನರ ಅನಾದಿಯ ಬಾಳುವೆ. ಜನ ಇಳಿದಾಗ ದೇವರನ್ನೂ ಕರೆದುಕೊಂಡು ಇಳಿದರು. ಶಾಸ್ತ್ರವು ಅನಂತರ ಅದಕ್ಕೆ ತನ್ನ ಭಾಷೆಯನ್ನು ಕೊಟ್ಟಿತು, ಮನುಷ್ಯರು ಆರು ತಿಂಗಳು ಪೂಜಿಸಿದರೆ ದೇವತೆಗಳು ಆರು ತಿಂಗಳು ಪೂಜಿಸುತ್ತಾರೆ ಎಂದು. ನಾವು ಆ ನಂಬುಗೆಯನ್ನು ಹಗುರವಾಗಿ ಕಾಣುತ್ತಿಲ್ಲ. ಅದರ ಬೇರು ಎಲ್ಲಿದೆಯೆಂಬುದನ್ನು ತೋರಿಸುತ್ತಿದ್ದೇವೆ ಅಷ್ಟೆ.

ಕಣಿವೆಯ ಮನೆಗಳನ್ನು ನೋಡಿದರೆ ಚಳಿಗಾಲದ ಪಾಠವೆಲ್ಲ ಅಲ್ಲಿ ಬರೆದಿಟ್ಟಂತಿದೆ. ಕಲ್ಲಿನ ಗೋಡೆ, ಕಲ್ಲುಹಲಗೆಯ ಇಳಿಜಾರಾದ ಮಾಡು, ತಲೆ ಬಗ್ಗಿಸಿಯೇ ಹೋಗಬೇಕಾದ ಬಾಗಿಲು, ಅಂಗೈಯಗಲದ ಕಿಟಕಿ. ಕೆಳಗಿನ ಅಂತಸ್ತಿನಲ್ಲಿ ದನಕರು, ಮೇಲಿನದರಲ್ಲಿ ಜನ. ದನಗಳ ಮೈಯ ಬಿಸಿಯೇ ಮರದ ನೆಲದ ಮೂಲಕ ಮೇಲೆ ಬರುತ್ತದೆ. ಸೌದೆ, ಒಣಹುಲ್ಲು, ಧಾನ್ಯ ಎಲ್ಲವೂ ಕಾರ್ತಿಕಕ್ಕೆ ಮುಂಚೆ ಮನೆ ಸೇರಿರಬೇಕು. ಊಟವೇನೆಂದು ಕೇಳಿದರೆ ವಾಚಕರಿಗೆ ಆಶ್ಚರ್ಯವಾದೀತು. ಅವರು ಮಂಡುವಾ ಅಥವಾ ಕೋದಾ ಎನ್ನುವುದು ನಮ್ಮ ರಾಗಿ. ಝಂಗೋರಾ ಎನ್ನುವುದು ಊದಲು. ಚಳಿಗಾಲದಲ್ಲಿ ಮೈಗೆ ಕಾವು ಕೊಡುತ್ತದೆಂದು ಅವರು ವಿಶೇಷವಾಗಿ ಕುದಿಸುವ ಗಹತ್ ಎಂಬುದು ನಮ್ಮ ಹುರುಳಿ. ಇಲ್ಲಿಂದ ಹೋದ ಜಂಗಮವಟುಗಳಿಗೆ ಭಾಷೆ ಹೊಸದು, ಚಳಿ ಹೊಸದು. ತಟ್ಟೆಯಲ್ಲಿ ಮಾತ್ರ ಊರು ಕಾಣುತ್ತಿತ್ತು. ಊಖೀಮಠದಲ್ಲಿ ಒಮ್ಮೆ ನಮಗೆ ರಾಗಿರೊಟ್ಟಿಯ ಮೇಲೆ ತುಪ್ಪ ಹಾಕಿ ಹುರುಳಿಯ ಕಟ್ಟಿನೊಡನೆ ಬಡಿಸಿದಾಗ, ನಾವು ಯಾವ ನಾಡಿನಲ್ಲಿದ್ದೇವೆಂಬುದು ಒಂದು ಕ್ಷಣ ಮರೆತುಹೋದುದುಂಟು.

ರಾವಲ ಪದವಿ ದಕ್ಷಿಣದ ವೀರಶೈವ ಜಂಗಮರಿಗೆ ಸಲ್ಲುವುದೆಂಬುದು ಬಹುಜನರಿಗೆ ತಿಳಿದ ಸಂಗತಿ; ಪರಂಪರೆಯು ಮುನ್ನೂರಕ್ಕೂ ಮಿಕ್ಕಿ ರಾವಲರನ್ನು ಎಣಿಸುತ್ತದೆ. ಆದರೆ ರಾವಲರು ಸ್ವತಃ ಗರ್ಭಗುಡಿಯ ಪೂಜೆ ಮಾಡುವುದಿಲ್ಲವೆಂಬುದೂ, ಅವರ ಆಜ್ಞೆಯ ಮೇರೆಗೆ ಶಿಷ್ಯರಾದ ಅರ್ಚಕರು ಸರದಿಯಂತೆ ಪೂಜಿಸುವರೆಂಬುದೂ ಎಲ್ಲರಿಗೂ ತಿಳಿದಿಲ್ಲ. ಬಯಲುಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಹುಡುಗ, ವೇದಾಗಮಗಳನ್ನು ಕಲಿತು ಅಲ್ಲಿಗೆ ಹೋಗಿ, ಹೆಪ್ಪುಗಟ್ಟುವ ನೀರಿನಲ್ಲಿ ಮಿಂದು ಬ್ರಾಹ್ಮೀ ಮುಹೂರ್ತದಲ್ಲಿ ಗರ್ಭಗುಡಿಗೆ ನಿಲ್ಲುವುದೆಂದರೆ ಸಾಮಾನ್ಯವಲ್ಲ. ಮೊದಲ ವರ್ಷ ಕೈಕಾಲು ಒಡೆದು ರಕ್ತ ಜಿನುಗುತ್ತದೆಂದು ಅಲ್ಲಿ ಸೇವೆ ಮಾಡಿಬಂದವರು ಹೇಳುತ್ತಾರೆ. ವೈರಾಗ್ಯ ಸಿಂಹಾಸನವೆಂಬ ಹೆಸರು ಏಕೆ ಬಂದಿತೆಂದು ತಾತ್ತ್ವಿಕವಾಗಿ ವಿವರಿಸುವ ಗ್ರಂಥಗಳುಂಟು. ಒಡೆದ ಹಿಮ್ಮಡಿಯನ್ನು ಕಂಡವರಿಗೆ ವಿವರಣೆ ಬೇಕಾಗುವುದಿಲ್ಲ.

ಯಾತ್ರಿಕರ ಪಾಡೂ ಹಾಗೆಯೇ ಇತ್ತು. ಮೋಟಾರು ರಸ್ತೆ ಬರುವ ಮುನ್ನ ಹರಿದ್ವಾರದಿಂದಲೇ ನಡೆಯಬೇಕಾಗಿತ್ತು. ಕೆಲವು ಮೈಲಿಗೊಂದರಂತೆ ಚಟ್ಟಿಗಳೆಂಬ ತಂಗುದಾಣಗಳಿದ್ದವು; ಅಂಗಡಿಯವನಲ್ಲಿ ಹಿಟ್ಟು ಬೇಳೆ ಕೊಂಡರೆ ಮಲಗಲು ಸ್ಥಳ ಉಚಿತ. ಬಿಸಿನೀರಿನ ಬುಗ್ಗೆಯಿದ್ದ ಗೌರೀಕುಂಡದಲ್ಲಿ ಮೈ ಕಾಯಿಸಿಕೊಂಡು ಕಡೆಯ ಏರನ್ನು ಏರುತ್ತಿದ್ದರು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ವಾಮಿ ವಿಶುದ್ಧಾನಂದರೆಂಬ ಸಾಧುಗಳು ಈ ದಾರಿಯುದ್ದಕ್ಕೂ ಧರ್ಮಶಾಲೆಗಳನ್ನೂ ಅನ್ನಛತ್ರಗಳನ್ನೂ ಏರ್ಪಡಿಸಿದರು. ಅವರನ್ನು ಜನ ಹೆಸರಿನಿಂದ ಕರೆಯಲಿಲ್ಲ, ಹೊದ್ದ ವಸ್ತ್ರದಿಂದ ಕರೆದರು: ಕಾಲೀ ಕಮಲೀವಾಲಾ, ಕರಿಯ ಕಂಬಳಿಯವರು. ನಮ್ಮ ಕುರುಬರ ಕಂಬಳಿಯ ಬೆಲೆ ಬಲ್ಲವರಿಗೆ ಈ ಬಿರುದಿನ ಅರ್ಥ ಹೇಳಬೇಕಾಗಿಲ್ಲ.

ಕೇದಾರದ ಚಳಿಯ ನೆನಪು ನಮ್ಮ ಶಾಸನಗಳಲ್ಲಿಯೂ ಇದೆಯೆಂಬುದು ಸ್ವಾರಸ್ಯದ ಸಂಗತಿ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆ ೧೧, ೧೨ನೆಯ ಶತಮಾನಗಳಲ್ಲಿ ಕಾಳಾಮುಖ ಶೈವರ ಮಹಾಕೇಂದ್ರವಾಗಿತ್ತು. ಅಲ್ಲಿಯ ಕೋಡಿಯಮಠವು ವಿದ್ಯೆಗೂ ಅನ್ನದಾನಕ್ಕೂ ರೋಗಿಗಳ ಶುಶ್ರೂಷೆಗೂ ಹೆಸರಾದುದೆಂಬುದನ್ನು ೧೧೬೨ರ ಶಾಸನದಿಂದ ತಿಳಿಯುತ್ತೇವೆ. ಮಠದ ಆರಾಧ್ಯದೈವ ದಕ್ಷಿಣ ಕೇದಾರೇಶ್ವರ. ಹಿಮಗಿರಿಯ ಒಡೆಯನು ಮಲೆನಾಡಿನ ಅಂಚಿಗೆ ಏಕೆ ಬಂದನೆಂಬುದಕ್ಕೆ ಅಲ್ಲಿಯ ಶಾಸನಕವಿ ಕೊಡುವ ಕಾರಣ ಇದು: ಉತ್ತರದ ಕೇದಾರದಲ್ಲಿ ತಣ್ಣೀರಿಗೆ ಅಂಜಿ ನಡುಗುವ ಭಕ್ತರನ್ನು ಕಂಡು ಕರುಣೆಗೊಂಡ ಶಿವನು, ಚಳಿಯ ಭಯವಿಲ್ಲದೆ ಅವರು ತನ್ನನ್ನು ಸೇವಿಸಲೆಂದು ಬಳ್ಳಿಗಾವೆಗೆ ಬಂದು ನೆಲೆಸಿದನು. ಕವಿಯ ಚಮತ್ಕಾರವೆಂದು ಇದನ್ನು ಬಿಟ್ಟುಬಿಡಬಹುದು. ಆದರೆ ಎಂಟುನೂರು ವರ್ಷಗಳ ಹಿಂದೆಯೇ ಕನ್ನಡಿಗರು ಕೇದಾರಕ್ಕೆ ಹೋಗಿ, ನಡುಗಿ, ಮರಳಿ ಬಂದು ಆ ನಡುಕದ ಕಥೆಯನ್ನು ಊರಿನಲ್ಲಿ ಹೇಳಿರದಿದ್ದರೆ ಕವಿಗೆ ಈ ಮಾತು ಹೊಳೆಯುತ್ತಿತ್ತೇ ಎಂಬುದನ್ನು ವಾಚಕರು ಯೋಚಿಸಬೇಕು.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ತಿದ್ದಬೇಕಾಗಿದೆ. ದೇವಾಲಯವು ನಾಲ್ಕು ನೂರು ವರ್ಷ ಹಿಮದಡಿಯಲ್ಲಿ ಹುದುಗಿ ಮತ್ತೆ ಹೊರಬಂದಿತೆಂಬ ಮಾತು ೨೦೧೩ರಿಂದೀಚೆಗೆ ಬಹಳ ಪ್ರಚಾರದಲ್ಲಿದೆ. ಕೆಲವರು ೧೩೦೦ರಿಂದ ೧೯೦೦ರವರೆಗಿನ ಅವಧಿಯನ್ನೇ ಹೆಸರಿಸುತ್ತಾರೆ. ಇದಕ್ಕೆ ಮೂಲವಾದುದು ಡೆಹರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ಸಂಶೋಧನೆ. ಚೋರಾಬಾರಿ ಹಿಮನದಿಯು ಬಿಟ್ಟುಹೋದ ಬಂಡೆಗಳ ಮೇಲೆ ಬೆಳೆದ ಕಲ್ಲುಹೂವನ್ನು ಅಳೆದು, ಆ ಹಿಮನದಿ ಹಿಂದೆ ಎಲ್ಲಿಯವರೆಗೆ ಚಾಚಿತ್ತು, ೧೮ನೆಯ ಶತಮಾನದ ಮಧ್ಯದಿಂದ ಹೇಗೆ ಹಿಂಜರಿಯಿತು ಎಂಬುದನ್ನು ಅಲ್ಲಿಯ ವಿಜ್ಞಾನಿಗಳು ಗಣಿಸಿದರು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧುವೇ ಅದು. ವರ್ಷವರ್ಷವೂ ಕೂದಲೆಳೆಯಷ್ಟು ಬೆಳೆಯುವುದರಿಂದ ಅದರ ಅಗಲ ಒಂದು ಗಡಿಯಾರದಂತೆ ಉಪಯೋಗವಾಗುತ್ತದೆ. ಹಿಮಯುಗದ ಕಿರುರೂಪವೊಂದು ಆ ಶತಮಾನಗಳಲ್ಲಿ ಲೋಕದ ಅನೇಕ ಕಡೆ ಆಗಿಹೋಯಿತೆಂಬುದೂ, ಹಿಮನದಿ ಆಗ ದೇವಾಲಯಕ್ಕೆ ಬಹು ಸಮೀಪ ಬಂದಿತ್ತೆಂಬುದೂ ನಂಬಲರ್ಹ. ಆದರೆ ೧೮೮೨ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ತೆಗೆಸಿದ ಛಾಯಾಚಿತ್ರದಲ್ಲಿ ದೇವಾಲಯ ಬಯಲಿನಲ್ಲಿ ಸ್ವಚ್ಛವಾಗಿ ನಿಂತಿದೆ. ೧೮೦೪ರಿಂದ ೧೮೧೫ರವರೆಗೆ ಗಢವಾಲವನ್ನಾಳಿದ ಗೂರ್ಖರು ಕೇದಾರ ಬದರಿಗಳ ಯಾತ್ರಿಕರ ಅನ್ನಸತ್ರಕ್ಕೆ ಗ್ರಾಮಗಳ ಆದಾಯ ಬಿಟ್ಟುಕೊಟ್ಟರು. ಹಿಮದಡಿ ಮುಚ್ಚಿಹೋದ ದೇವರಿಗೆ ಯಾತ್ರಿಕರು ಏಕೆ, ಅನ್ನಸತ್ರವೇಕೆ? ವಿಜ್ಞಾನಿಗಳು ಅಳತೆಯಿಂದ ಹೇಳಿದ ಮಾತನ್ನು ಪವಾಡವಾಗಿ ಬೆಳೆಸುವುದು ವಿಜ್ಞಾನಕ್ಕೂ ಭಕ್ತಿಗೂ ಉಪಕಾರವಲ್ಲ.

೨೦೧೩ರ ಜೂನ್ ೧೬, ೧೭ರ ಅನಾಹುತವನ್ನು ವಾಚಕರು ಮರೆತಿರಲಾರರು. ನಮ್ಮ ನಾಡಿನ ಯಾತ್ರಿಕರೂ ಅಲ್ಲಿ ಸಿಲುಕಿದ್ದರು. ಆ ದಿನಗಳಲ್ಲಿ ಮಠದ ದೂರವಾಣಿಯ ಬಳಿ ಕುಳಿತು ಕಾದ ಕುಟುಂಬಗಳ ಮುಖ ನಮ್ಮ ಕಣ್ಣಮುಂದೆ ಇಂದಿಗೂ ಇದೆ. ಅದು ಹಿಮಕಾಲದ ಘಟನೆಯಲ್ಲವಾದರೂ ಹಿಮದ ಕೈವಾಡ ಅದರಲ್ಲಿತ್ತು. ಮುಂಗಾರು ಅವಧಿಗೆ ಮೊದಲೇ ಬಂದು, ಇನ್ನೂ ಕರಗದೆ ಉಳಿದಿದ್ದ ಹಿಮದ ಮೇಲೆ ಜೋರಾದ ಮಳೆ ಸುರಿಯಿತು. ೧೯೪೮ರಲ್ಲಿ ಮಹಾತ್ಮರ ಚಿತಾಭಸ್ಮವನ್ನು ವಿಸರ್ಜಿಸಿದುದರಿಂದ ಗಾಂಧಿ ಸರೋವರವೆಂದು ಹೆಸರಾಗಿದ್ದ ಚೋರಾಬಾರಿ ಕೆರೆ ಮಳೆನೀರಿನಿಂದಲೂ ಕರಗಿದ ಹಿಮದಿಂದಲೂ ತುಂಬಿ, ೧೭ರ ಬೆಳಿಗ್ಗೆ ಏರಿ ಒಡೆಯಿತು. ರಾಮಬಾಡಾ ಎಂಬ ಹಳೆಯ ಚಟ್ಟಿ ಹೆಸರಿಲ್ಲದಂತಾಯಿತು. ಉತ್ತರಾಖಂಡದಲ್ಲಿ ಐದು ಸಾವಿರಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು. ದೇವಾಲಯದ ಹಿಂದೆ ಬಂದು ನಿಂತ ಬಂಡೆಯೊಂದು ಪ್ರವಾಹವನ್ನು ಸೀಳಿತು, ಗುಡಿ ಉಳಿಯಿತು. ಪೂಜೆ ನಿಂತ ಆ ದಿನಗಳಲ್ಲಿ ಊಖೀಮಠದಲ್ಲಿಯೇ ಕೇದಾರನ ಪೂಜೆ ಸಾಗಿತು. ಹಿಮಕಾಲವಲ್ಲದ ಕಾಲದಲ್ಲಿ ಹೀಗೆ ಮಾಡುವುದು ಸರಿಯೇ ಎಂಬ ವಾದವೂ ಆಗ ಎದ್ದಿತು. ಶತಮಾನಗಳಿಂದ ಚಳಿಗಾಲಕ್ಕೆಂದು ಕಟ್ಟಿಕೊಂಡಿದ್ದ ಆಶ್ರಯವೇ ಆ ಆಪತ್ತಿನಲ್ಲಿ ಕೈಹಿಡಿಯಿತೆಂಬುದು ನಮ್ಮ ಎಣಿಕೆ. ೨೦೧೩ರ ಸೆಪ್ಟೆಂಬರ್ ೧೧ರಂದು ಕೇದಾರದಲ್ಲಿ ಮತ್ತೆ ಗಂಟೆ ಬಾರಿಸಿತು.

ಅದರ ಮುಂದಿನ ಚಳಿಗಾಲಗಳಲ್ಲಿ ಹಿಂದೆಂದೂ ಕಾಣದ ಸಂಗತಿಯೊಂದು ನಡೆಯಿತು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯವರೂ ಅವರೊಡನೆ ದುಡಿದ ಕೂಲಿಕಾರರೂ ಹಿಮದ ನಡುವೆಯೇ ಅಲ್ಲಿ ಬಿಡಾರ ಹೂಡಿ ಪುನರ್ನಿರ್ಮಾಣದ ಕೆಲಸ ಮಾಡಿದರು. ಬೆಳಗಾದರೆ ಮೊದಲ ಕೆಲಸ ಬಿಡಾರದ ಮೇಲಿನ ಹಿಮ ಬಗೆದು ಹಾಕುವುದು, ಎರಡನೆಯದು ಕುಡಿಯಲು ಹಿಮ ಕರಗಿಸುವುದು. ಲಿಂಚೋಲಿಯ ಮೇಲಿಂದ ಹೊಸ ದಾರಿ ಕಡಿದವರು ಅವರು. ಇಂದು ಆ ದಾರಿಯಲ್ಲಿ ಸುಲಭವಾಗಿ ಏರುವ ನಾವು ಅವರನ್ನು ನೆನೆಯಬೇಕು.

ಆ ಕೆಲಸವನ್ನು ಕಂಡ ಮೇಲೆ, ನಮ್ಮ ಭಕ್ತರಲ್ಲಿಯೇ ಕೆಲವು ವಿದ್ಯಾವಂತರು ಬೇರೊಂದು ಪ್ರಶ್ನೆ ಎತ್ತುತ್ತಿದ್ದಾರೆ. ಯಂತ್ರಗಳಿವೆ, ವಿದ್ಯುತ್ತಿದೆ, ಸೋನಪ್ರಯಾಗದಿಂದ ಕೇದಾರಕ್ಕೆ ೧೨.೯ ಕಿಲೋಮೀಟರ್ ಉದ್ದದ ರೋಪ್‌ವೇಗೆ ೨೦೨೫ರ ಮಾರ್ಚಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಎಂಟು ಒಂಬತ್ತು ಗಂಟೆಯ ನಡಿಗೆ ಮೂವತ್ತಾರು ನಿಮಿಷಕ್ಕೆ ಇಳಿಯುವುದೆಂದು ಹೇಳಲಾಗಿದೆ. ಇನ್ನು ಬಾಗಿಲು ಮುಚ್ಚುವುದೇಕೆ, ವರ್ಷವಿಡೀ ದರ್ಶನ ಕೊಡಿಸಬಾರದೇಕೆ? ವೃದ್ಧರೂ ಅಶಕ್ತರೂ ಸುಖವಾಗಿ ಹೋಗಿಬರಲೆಂಬುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಬಾಗಿಲಿನ ವಿಷಯದಲ್ಲಿ ನಾವು ಒಪ್ಪಲಾರೆವು. ಬಾಗಿಲು ತೆರೆದ ಮೇಲೆಯೂ ಹಿಮ ಬಿಡುವುದಿಲ್ಲ. ೨೦೨೩ರ ಏಪ್ರಿಲ್ ೨೫ರಂದು ಹಿಮದ ನಡುವೆಯೇ ಬಾಗಿಲು ತೆರೆದು, ಮೇ ತಿಂಗಳ ಮೊದಲ ದಿನಗಳಲ್ಲಿ ದಾರಿಗೆ ಹಿಮ ಕುಸಿದು ಯಾತ್ರಿಕರನ್ನು ತಡೆಯಬೇಕಾಯಿತು. ವೈಶಾಖದಲ್ಲಿಯೇ ಹೀಗಾದರೆ ಮಾಘದ ಮಾತೇನು? ತರಬೇತಿ ಪಡೆದ ಕೆಲವು ನೂರು ಜನ ಅಲ್ಲಿ ಉಳಿಯುವುದು ಬೇರೆ, ಚಳಿ ಕಾಣದ ಸಾವಿರಾರು ಜನ ಏರುವುದು ಬೇರೆ. ಕೇದಾರ ನಿಂತಿರುವುದು ಹಿಮನದಿ ತಂದು ಸುರಿದ ಸಡಿಲ ಕಲ್ಲುಮಣ್ಣಿನ ಮೇಲೆ. ಬೇಸಗೆಯ ಜನಸಂದಣಿಯನ್ನೇ ಅದು ಪ್ರಯಾಸದಿಂದ ಹೊರುತ್ತಿದೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದ ವೀರಶೈವನಂತೂ ತನ್ನ ಪೂಜೆ ಆರು ತಿಂಗಳು ತಪ್ಪಿತೆಂದು ಕೊರಗುವಂತಿಲ್ಲ.

ಚಳಿಗಾಲದಲ್ಲಿ ಹೋಗಲೇಬೇಕೆಂಬ ಮನಸ್ಸುಳ್ಳವರು ಊಖೀಮಠಕ್ಕೆ ಹೋಗಬಹುದು. ೨೦೨೪ರ ಡಿಸೆಂಬರಿನಿಂದ ಉತ್ತರಾಖಂಡ ಸರ್ಕಾರವೂ ಇಂಥ ಚಳಿಗಾಲದ ಯಾತ್ರೆಗೆ ಉತ್ತೇಜನ ಕೊಡುತ್ತಿದೆ. ದಪ್ಪ ಉಣ್ಣೆಯ ಬಟ್ಟೆ ಒಂದರ ಮೇಲೊಂದು, ಒಣಗಿದ ಕಾಲುಚೀಲ ಎರಡು ಜೊತೆ, ಕಿವಿ ಮುಚ್ಚುವ ಟೊಪ್ಪಿಗೆ ಇವಿಷ್ಟು ಇದ್ದರೆ ಸಾಕು. ಒದ್ದೆ ಬಟ್ಟೆಯಲ್ಲಿ ಮಾತ್ರ ಒಂದು ಗಳಿಗೆಯೂ ನಿಲ್ಲಬಾರದು. ಮಡಿಯ ನೆಪದಿಂದ ಒದ್ದೆ ಪಂಚೆಯಲ್ಲಿ ನಿಂತು ಜ್ವರ ತಂದುಕೊಂಡವರನ್ನು ನಾವು ಕಂಡಿದ್ದೇವೆ.

ಮೊದಲು ಹೇಳಿದ ಆ ತಾಯಿ ಮರುವರ್ಷ ಮಾಘಮಾಸದಲ್ಲಿ ಮಗನೊಡನೆ ಊಖೀಮಠಕ್ಕೆ ಹೋಗಿಬಂದರು. ಓಂಕಾರೇಶ್ವರನ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕುಳಿತಿದ್ದಾಗ ಅರ್ಚಕರೊಬ್ಬರು ಕನ್ನಡದಲ್ಲಿ ಯಾವ ಊರು ತಾಯಿ ಎಂದು ಕೇಳಿದರಂತೆ. ಮೇಲಿನ ಬೆಟ್ಟ ಅಲ್ಲಿಂದ ಬೆಳ್ಳಗೆ ಕಾಣುತ್ತಿತ್ತಂತೆ. ತಾವು ಹೊದ್ದು ಹೋಗಿದ್ದ ಊರಿನ ಕರಿಯ ಕಂಬಳಿಯನ್ನು ಆ ಅರ್ಚಕರ ಕೈಗೆ ಕೊಟ್ಟು, ವೈಶಾಖದಲ್ಲಿ ಮೇಲೆ ಹೋಗುವಾಗ ಹೊದ್ದುಕೊಂಡು ಹೋಗಿರಿ ಎಂದು ಹೇಳಿ ಬಂದುದಾಗಿ ನಮಗೆ ತಿಳಿಸಿದರು.